ವೆರಿಕೋಸೀಲ್ ಆಪರೇಷನ್‌ಗೆ ಬರೀ ಲೋಕಲ್ ಅನಸ್ತೇಷಿಯಾ ಸಾಕಾ? ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಗೋದಾಮು_ಹುಡುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಾಯಿಬಿಟ್ಟು ಕೇಳೋಕೆ ಆಗದ ವಿಷಯ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ನನಗೆ 31 ವರ್ಷ. ಗೋದಾಮಿನಲ್ಲಿ ಕೆಲಸ. ದಿನವಿಡೀ ನಿಂತೇ ಇರಬೇಕು, ಪೆಟ್ಟಿಗೆ ಎತ್ತಿ ಇಳಿಸಬೇಕು. ಎಡಗಡೆ ಬೀಜದ ಮೇಲ್ಗಡೆ ರಕ್ತನಾಳಗಳು ಗಂಟುಗಂಟಾಗಿ ಉಬ್ಬಿಕೊಂಡಿವೆ, ನಿಂತಾಗ ಕಣ್ಣಿಗೇ ಕಾಣುತ್ತೆ. ಸಂಜೆ ಹೊತ್ತಿಗೆ ಭಾರ, ಜಗ್ಗಿದ ಹಾಗೆ ಒಂದು ನೋವು. ಮಲಗಿದರೆ ಇಳಿದುಹೋಗುತ್ತೆ. ಇಷ್ಟು ದಿನ ಅದನ್ನ ಹೇಗೋ ತಡ್ಕೊಂಡು ಬಂದೆ. ಆದರೆ ಮದುವೆಯಾಗಿ ಕೆಲವು ವರ್ಷ ಆದರೂ ಮಗು ಆಗಿಲ್ಲ ಅಂತ ಪರೀಕ್ಷೆ ಮಾಡಿಸಿದಾಗ ವೀರ್ಯಾಣುಗಳ ಕೌಂಟೂ ಕಡಿಮೆ, ಚಲನೆಯೂ ಕಡಿಮೆ ಬಂತು. ಸ್ವಲ್ಪ ಬಿಡುವು ಕೊಟ್ಟು ಮತ್ತೆ ಮಾಡಿಸಿದರೂ ಅದೇ.

ಯೂರಾಲಜಿಸ್ಟ್ ಕೈಯಿಟ್ಟು ನೋಡಿ, ಸ್ಕ್ಯಾನ್ ನೋಡಿ ಗ್ರೇಡ್ 3 ವೆರಿಕೋಸೀಲ್, ಅಂದರೆ ಹೊರಗಿಂದಲೇ ಕಾಣುವಷ್ಟು ಉಬ್ಬಿದ್ದು ಅಂದರು. ತೊಡೆಸಂದಿನ ಹತ್ತಿರ ಸಣ್ಣದಾಗಿ ಕೊಯ್ದು, ಲೋಕಲ್ ಕೊಟ್ಟು ಮಾಡ್ತಾರಂತೆ. ಅಡ್ಮಿಟ್ ಆಗೋದು ಬೇಡ, ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗಬಹುದಂತೆ. ಬೇರೆ ಕಡೆ ಕೇಳಿದಾಗ ಪೂರ್ತಿ ಮತ್ತು ಬರಿಸಿ, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕೋ ಲ್ಯಾಪ್ರೋಸ್ಕೋಪಿಯಲ್ಲಿ ಮಾಡ್ತೀವಿ ಅಂದರು.

ಹಲ್ಲು ಕೀಳಿಸುವಾಗ ಕೊಡೋ ಲೋಕಲ್ ನನಗೆ ಗೊತ್ತು. ಆದರೆ ಇದು ಆ ಜಾಗ. ಅಲ್ಲಿ ಕೈ ತಾಗಿದರೇ ಪ್ರಾಣ ಹೋದ ಹಾಗಾಗುತ್ತೆ, ಎಚ್ಚರವಾಗಿದ್ದುಕೊಂಡು ಕೊಯ್ಯಿಸಿಕೊಳ್ಳೋದು ಹೇಗೆ? ಮಧ್ಯದಲ್ಲಿ ನೋವಾದರೆ ಏನು ಮಾಡ್ತಾರೆ? ಭಾರ ಎತ್ತೋ ಕೆಲಸಕ್ಕೆ ಯಾವಾಗ ವಾಪಸ್ ಹೋಗಬಹುದು? ಮಾಡಿಸಿಕೊಂಡವರು ಮುಚ್ಚುಮರೆ ಇಲ್ಲದೆ ಹೇಳಿ.

ಗಣಿತದ_ಮೇಷ್ಟ್ರು:

ತಮ್ಮಾ, ನಾನೂ ನಿಂತು ದುಡಿಯುವವನೇ. ನನಗೂ ಎಡಗಡೆ, ನನಗೂ ಗ್ರೇಡ್ 3, ಲೋಕಲ್‌ನಲ್ಲೇ ಆಯಿತು. ನೇರವಾಗಿ ಹೇಳುತ್ತೇನೆ: ಲೋಕಲ್ ಸಾಕಾಗುತ್ತದೆ. ಆದರೆ ಆ ಇಂಜೆಕ್ಷನ್‌ನಿಂದ ಯಾವ ನೋವು ಹೋಗುತ್ತದೆ, ಯಾವುದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎನ್ನುವುದನ್ನು ಮೊದಲೇ ತಿಳಿದುಕೊಂಡು ಹೋಗು. ಅದು ಗೊತ್ತಿದ್ದರೆ ಟೇಬಲ್ ಮೇಲೆ ಗಾಬರಿಯಾಗುವುದಿಲ್ಲ. ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ತೊಡೆಸಂದಿನ ಚರ್ಮಕ್ಕೆ ಚುಚ್ಚುವ ಮೊದಲ ಸೂಜಿ ಉರಿಯುತ್ತದೆ. ಔಷಧಿ ಒಳಗೆ ಹೋಗುವಷ್ಟು ಹೊತ್ತು ಉರಿ, ಆಮೇಲೆ ಇಲ್ಲ. ಕೊಯ್ದದ್ದು ನನಗೆ ತಿಳಿಯಲೇ ಇಲ್ಲ. ಯಾರೋ ಬೆರಳಿಟ್ಟು ಒತ್ತುತ್ತಿದ್ದಾರೆ, ಬಟ್ಟೆ ಸರಿಸುತ್ತಿದ್ದಾರೆ ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಎದೆಯ ಹತ್ತಿರ ಹಸಿರು ಬಟ್ಟೆ ಅಡ್ಡ ಕಟ್ಟಿರುತ್ತಾರೆ, ಏನೂ ಕಾಣುವುದಿಲ್ಲ.

ಇನ್ನೊಂದು ಗಳಿಗೆ ಇದೆ, ಅದನ್ನು ಸರಿಯಾಗಿ ಕೇಳಿಸಿಕೋ. ಬೀಜದಿಂದ ಮೇಲಕ್ಕೆ ಒಂದು ಹುರಿ ಹೋಗುತ್ತದೆ. ವೀರ್ಯನಾಳ, ಶುದ್ಧರಕ್ತ ತರುವ ಅಪಧಮನಿ, ರಕ್ತ ವಾಪಸ್ ಒಯ್ಯುವ ಅಭಿಧಮನಿಗಳು, ಲಿಂಫ್ ನಾಳ, ನರ ಎಲ್ಲ ಅದರೊಳಗೇ. ಡಾಕ್ಟರು ಆ ಹುರಿಯನ್ನು ಗಾಯದ ಮೂಲಕ ಮೆಲ್ಲಗೆ ಮೇಲೆತ್ತಿಕೊಳ್ಳುತ್ತಾರೆ. ಆಗ ನನಗೆ ಕೊಯ್ದ ಜಾಗದಲ್ಲಿ ಏನೂ ಆಗಲಿಲ್ಲ. ಹೊಕ್ಕುಳಿನ ಸುತ್ತ ಕರುಳು ಹಿಂಡಿದ ಹಾಗಾಯಿತು, ಬಾಯಲ್ಲಿ ನೀರೂರಿ ವಾಂತಿ ಬರುವಂತಾಯಿತು, ಹಣೆ ತಣ್ಣಗೆ ಬೆವರಿತು. ಡಾಕ್ಟರಿಗೆ ಹೇಳಿದೆ. ಅವರು ಕೈ ನಿಲ್ಲಿಸಿ ಹುರಿಗೇ ಇನ್ನಷ್ಟು ಔಷಧಿ ಹಾಕಿ ಸ್ವಲ್ಪ ಹೊತ್ತು ಕಾದರು. ಹಿಂಡುವುದು ಇಳಿಯಿತು, ಕೆಲಸ ಮುಂದುವರಿಯಿತು.

ಕೊಯ್ದದ್ದು ಕೆಳಗೆ, ನೋವು ಹೊಟ್ಟೆಯಲ್ಲಿ ಏಕೆ? ಇದನ್ನು ಆಮೇಲೆ ಅವರನ್ನೇ ಕೇಳಿದೆ. ಉತ್ತರ ಕೇಳಿ ನನ್ನ ಇಡೀ ಕಾಯಿಲೆಯೇ ಅರ್ಥವಾದ ಹಾಗಾಯಿತು. ತಾಯಿಯ ಗರ್ಭದಲ್ಲಿರುವಾಗ ಬೀಜಗಳು ಹುಟ್ಟುವುದು ಕೆಳಗಿನ ಚೀಲದಲ್ಲಿ ಅಲ್ಲ, ಮೇಲೆ ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಅಲ್ಲಿಂದ ಕೆಳಗಿಳಿಯುವಾಗ ತಮ್ಮ ರಕ್ತನಾಳ, ನರಗಳನ್ನೆಲ್ಲ ಜೊತೆಗೇ ಎಳೆದುಕೊಂಡು ಬರುತ್ತವೆ. ಹಾಗಾಗಿ ಬೀಜದ ನರ ಬೆನ್ನುಹುರಿಯನ್ನು ಸೇರುವುದು ಹೊಕ್ಕುಳಿನ ಭಾಗದ ನರಗಳು ಸೇರುವ ಮಟ್ಟದಲ್ಲೇ. ಅಲ್ಲಿ ಎಳೆದರೆ ಇಲ್ಲಿ ನೋಯುತ್ತದೆ. ರಕ್ತನಾಳದ ಕಥೆಯೂ ಇದೇ. ಬಲಗಡೆಯದು ನೇರವಾಗಿ ದೊಡ್ಡ ಅಭಿಧಮನಿಗೆ ಓರೆಯಾಗಿ ಹೋಗಿ ಸೇರುತ್ತದೆ. ಎಡಗಡೆಯದು ಇನ್ನೂ ಮೇಲೇರಿ ಎಡ ಮೂತ್ರಪಿಂಡದ ಅಭಿಧಮನಿಗೆ ಲಂಬವಾಗಿ, ಅಂದರೆ 90 ಡಿಗ್ರಿಯಲ್ಲಿ ಹೋಗಿ ಕೂಡುತ್ತದೆ. ಉದ್ದನೆಯ ನಾಳ, ನಿಂತಾಗ ರಕ್ತದ ಕಂಬದ ಭಾರವೆಲ್ಲ ಕೆಳಕ್ಕೆ. ಒಳಗಿನ ಕವಾಟ ಸೋತರೆ ರಕ್ತ ಹಿಂದಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ವೆರಿಕೋಸೀಲ್ ಹತ್ತರಲ್ಲಿ ಒಂಬತ್ತು ಜನಕ್ಕೆ ಎಡಗಡೆಯೇ ಕಾಣಿಸುವುದು ಇದಕ್ಕೆ. ನಿಂತ ರಕ್ತದಿಂದ ಬೀಜದ ಶಾಖ ಏರುತ್ತದೆ. ಮೈಯ ಶಾಖಕ್ಕಿಂತ 2-3 ಡಿಗ್ರಿ ತಂಪಾಗಿರಬೇಕಾದ ಜಾಗ ಅದು, ವೀರ್ಯಾಣುಗಳಿಗೆ ಪೆಟ್ಟು ಬೀಳಲು ಮುಖ್ಯ ಕಾರಣವೇ ಈ ಶಾಖ ಎನ್ನುತ್ತಾರೆ.

ಎಚ್ಚರವಾಗಿದ್ದದ್ದರಿಂದ ಒಂದು ಉಪಯೋಗವೂ ಆಯಿತು. ನಡುನಡುವೆ ಡಾಕ್ಟರು "ಉಸಿರು ಹಿಡಿದು ಹೊಟ್ಟೆ ಬಿಗಿ ಮಾಡಿ" ಎನ್ನುತ್ತಿದ್ದರು. ಮುಕ್ಕಿದಾಗ ಅಭಿಧಮನಿಗಳು ರಕ್ತ ತುಂಬಿ ಉಬ್ಬುತ್ತವೆ, ಕಟ್ಟದೆ ಉಳಿದ ಸಣ್ಣ ಕವಲೂ ಕಣ್ಣಿಗೆ ಬೀಳುತ್ತದೆ. ಪೂರ್ತಿ ಮತ್ತಿನಲ್ಲಿರುವವನಿಗೆ ಹೀಗೆ ಹೇಳಿ ಮಾಡಿಸಲಾಗುವುದಿಲ್ಲ. ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಪೆನ್ಸಿಲ್‌ನಷ್ಟು ದಪ್ಪದ ಡಾಪ್ಲರ್ ಕಡ್ಡಿಯೊಂದನ್ನು ಹುರಿಗೆ ತಾಗಿಸುತ್ತಿದ್ದರು. ಅಪಧಮನಿ ಸಿಕ್ಕ ಕೂಡಲೇ ಯಂತ್ರದಿಂದ "ಶೂ, ಶೂ, ಶೂ" ಎಂದು ನಾಡಿಯ ಲಯದಲ್ಲೇ ಸದ್ದು. ಅದು ಒಂದು ಮಿಲಿಮೀಟರಿನ ಆಸುಪಾಸಿನಷ್ಟೇ ದಪ್ಪದ ನಾಳ, ಮುಟ್ಟಿದರೆ ಮುದುಡಿಕೊಂಡುಬಿಡುತ್ತದಂತೆ. ಮುದುಡಿದ್ದು ಬಿಡಿಸಿಕೊಳ್ಳಲಿ ಎಂದು ಅದರ ಮೇಲೆ ಪಾಪಾವೆರಿನ್ ಎನ್ನುವ ಔಷಧಿಯ ಹನಿ ಬಿಟ್ಟರು.

ಇಲ್ಲಿಗೇ ನನ್ನ ಮುಖ್ಯ ಮಾತು ಬರುತ್ತದೆ. ಲೋಕಲ್ಲೋ ಪೂರ್ತಿ ಮತ್ತೋ ಎನ್ನುವುದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಆಪರೇಟಿಂಗ್ ಮೈಕ್ರೋಸ್ಕೋಪ್ ಇಟ್ಟುಕೊಂಡು ಮಾಡುತ್ತೀರಾ, ಇಂಥವನ್ನು ಆಗಾಗ ಮಾಡುತ್ತೀರಾ ಎಂದು. ನಿನಗೆ ಹೇಳಿದ ಜಾಗದಲ್ಲಿ ಸ್ನಾಯು ಕೊಯ್ಯುವುದಿಲ್ಲ, 2-3 ಸೆಂಟಿಮೀಟರ್ ಗಾಯ ಸಾಕು, ಅದಕ್ಕೇ ಲೋಕಲ್‌ನಲ್ಲಿ ಮುಗಿಯುವುದು. ಆದರೆ ಅಷ್ಟು ಕೆಳಗೆ ಬಂದರೆ ಅಭಿಧಮನಿ ಕವಲೊಡೆದು ಹತ್ತಾರಾಗಿರುತ್ತದೆ, ಅಪಧಮನಿಯ ಮೈಗೇ ಅಂಟಿಕೊಂಡಿರುತ್ತದೆ. ಬರಿಗಣ್ಣಿನಲ್ಲಿ ಅದನ್ನು ಬಿಡಿಸುವುದು ಕಷ್ಟ. ಕವಲು ಬಿಟ್ಟುಹೋದರೆ ಕಾಯಿಲೆ ಮರುಕಳಿಸುತ್ತದೆ. ಲಿಂಫ್ ನಾಳ ಕಟ್ಟಿಹೋದರೆ ಚೀಲದಲ್ಲಿ ನೀರು ತುಂಬಿ ಹೈಡ್ರೋಸೀಲ್ ಆಗುತ್ತದೆ. ಅಪಧಮನಿಗೆ ಪೆಟ್ಟಾದರೆ ಬೀಜ ಕುಗ್ಗುವ ಅಪಾಯ. ಮೈಕ್ರೋಸ್ಕೋಪ್‌ನಲ್ಲಿ ಪಳಗಿದ ಕೈಯಾದರೆ ಮರುಕಳಿಸುವುದು ನೂರಕ್ಕೆ ಒಂದೆರಡು, ನೀರು ತುಂಬುವುದು ಅದಕ್ಕಿಂತಲೂ ಅಪರೂಪ. ಹಳೆಯ ತೆರೆದ ವಿಧಾನಗಳಲ್ಲಿ ಇವೆರಡೂ ಹಲವು ಪಟ್ಟು ಹೆಚ್ಚು.

ಲ್ಯಾಪ್ರೋಸ್ಕೋಪಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೊಟ್ಟೆಗೆ ಗಾಳಿ ತುಂಬಿ ಮೇಲ್ಗಡೆಯೇ ನಾಳ ಕಟ್ಟುತ್ತಾರೆ, ಹಾಗಾಗಿ ಪೂರ್ತಿ ಮತ್ತು ಬೇಕೇ ಬೇಕು. ಎರಡೂ ಕಡೆ ಇದ್ದವರಿಗೆ ಅದು ಅನುಕೂಲವೂ ಹೌದು. ಒಂದೇ ಕಡೆ ಇರುವ ನಿನಗೆ, ಮೈಕ್ರೋಸ್ಕೋಪ್ ಇರುವ ಡಾಕ್ಟರು ಸಿಕ್ಕಿದ್ದರೆ, ನಾನಾಗಿದ್ದರೆ ಲೋಕಲ್ಲನ್ನೇ ಆರಿಸಿಕೊಳ್ಳುತ್ತೇನೆ.

ಓಟಿ_ಸಿಸ್ಟರ್:

ಮೇಷ್ಟ್ರು ಹೇಳಿದ ಆ ಕರುಳು ಹಿಂಡುವ ನೋವು ನಾವು ದಿನಾ ನೋಡುವಂಥದ್ದು. ಕೆಲವರು ಹಲ್ಲು ಕಚ್ಚಿಕೊಂಡು ಸುಮ್ಮನೆ ಮಲಗಿರುತ್ತಾರೆ, ಮಾನಿಟರ್‌ನಲ್ಲಿ ನಾಡಿ ಇಳಿದಾಗ ನಮಗೆ ಗೊತ್ತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಯಿಬಿಟ್ಟು ಹೇಳಿ. ಹೇಳಿದ ತಕ್ಷಣ ಕೈ ನಿಲ್ಲಿಸುತ್ತೇವೆ, ಕಾಲು ಸ್ವಲ್ಪ ಎತ್ತರಿಸುತ್ತೇವೆ, ಔಷಧಿ ಕೊಡುತ್ತೇವೆ. ಎಚ್ಚರವಾಗಿರುವ ರೋಗಿ ತನಗೇನಾಗುತ್ತಿದೆ ಎಂದು ಹೇಳುವುದು ನಮಗೆ ದೊಡ್ಡ ಸಹಾಯ.

ಸಾಮಾನ್ಯವಾಗಿ ಎರಡು ಔಷಧಿ ಬಳಸುತ್ತಾರೆ. ಲಿಗ್ನೋಕೇನ್ ಕೆಲವೇ ನಿಮಿಷದಲ್ಲಿ ಹಿಡಿಯುತ್ತದೆ, ಬೇಗ ಬಿಡುತ್ತದೆ. ಬುಪಿವಕೇನ್ ನಿಧಾನಕ್ಕೆ ಹಿಡಿದು ಗಂಟೆಗಟ್ಟಲೆ ಉಳಿಯುತ್ತದೆ. ಮೊದಲ ಉರಿ ಲಿಗ್ನೋಕೇನ್ ಆಮ್ಲೀಯವಾಗಿರುವುದರಿಂದ, ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಸಣ್ಣ ಸೂಜಿಯಲ್ಲಿ ನಿಧಾನಕ್ಕೆ ಹಾಕಿದರೆ ಬಹಳ ಕಡಿಮೆಯಾಗುತ್ತದೆ. ತುಂಬಾ ಹೆದರಿಕೆ ಇದ್ದರೆ ಡ್ರಿಪ್‌ನಲ್ಲಿ ಮಂಪರು ಬರುವ ಇಂಜೆಕ್ಷನ್ ಕೊಡಬಹುದು. ಅದು ಪೂರ್ತಿ ಮತ್ತಲ್ಲ, ಉಸಿರಾಟ ನಿಮ್ಮದೇ ಇರುತ್ತದೆ, ಕರೆದರೆ ಓಗೊಡುತ್ತೀರಿ. ಕೇಳಲು ಸಂಕೋಚ ಬೇಡ. ಆದರೆ ಮಂಪರಿಗೆ ಖಾಲಿ ಹೊಟ್ಟೆ ಬೇಕು, ಆ ದಿನ ಗಾಡಿ ಓಡಿಸುವಂತಿಲ್ಲ, ಮನೆಗೆ ಕರೆದೊಯ್ಯಲು ಒಬ್ಬರು ಇರಲೇಬೇಕು.

ಹಲ್ಲಿನ ಡಾಕ್ಟರ ಹತ್ತಿರ ಇಂಜೆಕ್ಷನ್ ತಗೊಂಡಾಗ ದದ್ದು, ಉಸಿರುಕಟ್ಟುವುದು ಏನಾದರೂ ಆಗಿತ್ತಾ? ಆಗಿದ್ದರೆ ಮೊದಲೇ ಹೇಳಿ. ರಕ್ತ ತೆಳುವಾಗುವ ಮಾತ್ರೆ, ಆಸ್ಪಿರಿನ್ ತಗೊಳ್ಳುತ್ತಿದ್ದರೂ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಈ ಮೊದಲು ಅದೇ ಕಡೆ ಹರ್ನಿಯಾ ಆಪರೇಷನ್ ಆಗಿದ್ದರೆ ಒಳಗೆ ಗಾಯದ ಅಂಟು ಇರುತ್ತದೆ, ಅಂಥವರಿಗೆ ಲೋಕಲ್ ಅಷ್ಟು ಚೆನ್ನಾಗಿ ಹಿಡಿಯದಿರಬಹುದು.

ಇನ್ನೊಂದು, ಇದನ್ನು ತುಂಬಾ ಜನ ಮರೆಯುತ್ತಾರೆ. ಆಪರೇಷನ್ ಮುಗಿದಾಗ ನೋವೇ ಇರುವುದಿಲ್ಲ, ಆರಾಮಾಗಿದ್ದೇನೆ ಎಂದು ಓಡಾಡಿಬಿಡುತ್ತಾರೆ. ಅದು ಔಷಧಿಯ ಆರಾಮು. ಅದು ಇಳಿಯುವ ಮೊದಲೇ ನೋವಿನ ಮಾತ್ರೆ ಶುರು ಮಾಡಿದರೆ ರಾತ್ರಿ ನಿದ್ದೆ ಬರುತ್ತದೆ.

ಗೋದಾಮು_ಹುಡುಗ:

ಮೇಷ್ಟ್ರೇ, ಸಿಸ್ಟರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಏನು ಹೇಳಲಿ. ನಿನ್ನೆ ರಾತ್ರಿ ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ: ವಾಪಸ್ ಹೋಗೋ ನಾಳಗಳನ್ನೆಲ್ಲ ಕಟ್ಟಿಬಿಟ್ಟರೆ ರಕ್ತ ಎಲ್ಲಿಗೆ ಹೋಗುತ್ತೆ? ಅಲ್ಲೇ ನಿಂತು ಬೀಜ ಹಾಳಾಗಲ್ವಾ? ಆಮೇಲೆ ಭಾರ ಎತ್ತೋದರ ಬಗ್ಗೆಯೂ ಹೇಳಿ.

ಗಣಿತದ_ಮೇಷ್ಟ್ರು:

ನಿನ್ನ ಹೆಂಡತಿ ಕೇಳಿದ್ದು ಸರಿಯಾದ ಪ್ರಶ್ನೆ. ವೀರ್ಯನಾಳದ ಪಕ್ಕದಲ್ಲೇ ಅದರದೇ ಪುಟ್ಟ ಅಭಿಧಮನಿಗಳಿವೆ. ಡಾಕ್ಟರು ವೀರ್ಯನಾಳವನ್ನು ಅವುಗಳ ಸಮೇತ ಮೊದಲೇ ಬೇರೆ ಮಾಡಿ ಬದಿಗಿಡುತ್ತಾರೆ, ಅವಕ್ಕೆ ಕೈ ಹಚ್ಚುವುದಿಲ್ಲ. ಆಪರೇಷನ್ ಆದ ಮೇಲೆ ರಕ್ತ ಆ ದಾರಿ ಹಿಡಿಯುತ್ತದೆ. ಅವು ಸಾಮಾನ್ಯವಾಗಿ ಕೆಡದೆ ಇರುವ ನಾಳಗಳು, ಹಾಗಾಗಿ ರಕ್ತ ಹಿಂದಕ್ಕೆ ಸುರಿಯುವುದಿಲ್ಲ. ನೀರು ಹಿಮ್ಮುಖ ಹರಿಯುತ್ತಿದ್ದ ತೂಬನ್ನು ಮುಚ್ಚಿ ಸರಿಯಿರುವ ಕಾಲುವೆಗೆ ತಿರುಗಿಸಿದ ಹಾಗೆ.

ಮೊದಲ ಕೆಲವು ದಿನ ಹೆಜ್ಜೆ ನೋಡಿ ಇಡಬೇಕಾಯಿತು. ಚೀಲಕ್ಕೆ ಆಸರೆ ಕೊಡುವ ಬಿಗಿ ಒಳಉಡುಪು ಹಾಕಿಕೊಂಡೆ. ಮೊದಲೆರಡು ದಿನ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಬಿಟ್ಟುಬಿಟ್ಟು ಇಡಬೇಕು, ಬರಿ ಚರ್ಮಕ್ಕೆ ತಾಗಿಸಬಾರದು. ನೀಲಿ ಕಲೆ, ಸ್ವಲ್ಪ ಊತ ಬರುತ್ತದೆ, ಹೋಗುತ್ತದೆ. ಮುಟ್ಟಿದರೆ ಗಂಟುಗಂಟು ಹಾಗೇ ಸಿಗುತ್ತದೆ, "ಆಪರೇಷನ್ ಆಗಿಯೇ ಇಲ್ಲವೇನೋ" ಅನ್ನಿಸಿಬಿಡುತ್ತದೆ. ಕಟ್ಟಿದ ನಾಳದೊಳಗೆ ಹೆಪ್ಪುಗಟ್ಟಿದ ರಕ್ತ ಅದು, ಕರಗಿ ಕುಗ್ಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಕೂತು ಮಾಡುವ ಕೆಲಸಕ್ಕೆ ಬಹಳ ಜನ ವಾರದೊಳಗೆ ಹೋಗುತ್ತಾರೆ. ನಿನ್ನದು ಬೇರೆ. ಭಾರ ಎತ್ತುವವರಿಗೆ ಸಾಮಾನ್ಯವಾಗಿ 2ರಿಂದ 4 ವಾರ ಬಿಡುವು ಹೇಳುತ್ತಾರೆ. ಗಾಯ ಸಣ್ಣದಿದೆ ಎಂದು ಮೇಲಧಿಕಾರಿಗೆ ಕಡಿಮೆ ರಜೆ ಹೇಳಬೇಡ. ಭಾರ ಎತ್ತಬಾರದು ಎಂದು ಡಾಕ್ಟರ ಹತ್ತಿರ ಬರೆಸಿಕೊಂಡು ಚೀಟಿ ತೋರಿಸು. ಸಂಸಾರದ ವಿಷಯದಲ್ಲೂ ಒಂದೆರಡು ವಾರ ತಾಳಬೇಕು, ಡಾಕ್ಟರು ಹೂಂ ಅನ್ನುವವರೆಗೆ.

ಕಾದು_ಕೂತವಳು:

ನಾನು ಹೆಂಗಸು, ಇಲ್ಲಿ ಬರೆಯಬಹುದೋ ಇಲ್ಲವೋ ಎಂದು ಯೋಚಿಸಿದೆ. ನಿಮ್ಮ ಹೆಂಡತಿ ಓದುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಬರೆಯಲೇಬೇಕು ಅನ್ನಿಸಿತು.

ನನ್ನ ಗಂಡನಿಗೂ ಇದೇ ಆಪರೇಷನ್ ಆಯಿತು. ಅವರಿಗೆ ಗಾಯ ಬೇಗ ವಾಸಿಯಾಯಿತು, ನಮ್ಮಿಬ್ಬರಿಗೂ ಕಷ್ಟವಾದದ್ದು ಕಾಯುವುದು. ಹೊಸ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ಅದು ನಾಳ ದಾಟಿ ಹೊರಬರಲು ಇನ್ನಷ್ಟು. ಹಾಗಾಗಿ 3 ತಿಂಗಳಿಗೆ ಮೊದಲು ಪರೀಕ್ಷೆ ಮಾಡಿಸಿದರೆ ಏನೂ ತಿಳಿಯುವುದಿಲ್ಲ. ಅದು ಗೊತ್ತಿದ್ದೂ ನಾನು ಪ್ರತಿ ತಿಂಗಳೂ ನಿರೀಕ್ಷೆ ಇಟ್ಟುಕೊಳ್ಳುತ್ತಿದ್ದೆ, ಪ್ರತಿ ತಿಂಗಳೂ ಅತ್ತೆ. ಅವರು ಅದನ್ನು ನೋಡಿ ತಮ್ಮದೇ ತಪ್ಪು ಎಂದುಕೊಂಡು ಒಳಗೊಳಗೇ ಕುಗ್ಗುತ್ತಿದ್ದರು. ನೀವಿಬ್ಬರೂ ಹಾಗೆ ಮಾಡಿಕೊಳ್ಳಬೇಡಿ.

ಎಲ್ಲರಿಗೂ ಫಲ ಸಿಗುತ್ತದೆ ಎಂದು ಹೇಳುವುದಿಲ್ಲ. ಹೆಚ್ಚಿನವರಿಗೆ ಕೌಂಟ್, ಚಲನೆ ಸುಧಾರಿಸುತ್ತದೆ, ಕೆಲವರಿಗೆ ಇಲ್ಲ. ಸುಧಾರಿಸಿದವರೆಲ್ಲರಿಗೂ ಮಗು ಆಗುತ್ತದೆ ಎಂದೂ ಇಲ್ಲ. ರಿಪೋರ್ಟ್ ಬಂದಾಗ ಮಿಲಿಲೀಟರಿಗೆ 16 ಮಿಲಿಯನ್ ಎನ್ನುವ ಗೆರೆ ನೋಡಿ ಎದೆ ಒಡೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಆ ಸಂಖ್ಯೆ, ಒಂದು ವರ್ಷದೊಳಗೆ ತಂದೆಯಾದ ಗಂಡಸರ ಪೈಕಿ ಕೆಳಗಿನ 5 ಶೇಕಡಾ ಮಂದಿ ಎಲ್ಲಿದ್ದರು ಎಂದು ನೋಡಿ ಹಾಕಿದ್ದು. ಅದಕ್ಕಿಂತ ಕಡಿಮೆ ಇದ್ದೂ ಮಕ್ಕಳಾದವರಿದ್ದಾರೆ.

ಮತ್ತೆ ಅಕ್ಕರೆಯಿಂದ ಒಂದು ಮಾತು: ಆಪರೇಷನ್‌ಗೆ ಮೊದಲು ಹೆಂಡತಿಯ ಪರೀಕ್ಷೆಗಳೂ ಮುಗಿದಿರಲಿ. ಅವರ ಕಡೆ ಇನ್ನೇನಾದರೂ ಇದ್ದರೆ, ಅಥವಾ ವಯಸ್ಸು ಹೆಚ್ಚಿದ್ದರೆ, ತಿಂಗಳುಗಟ್ಟಲೆ ಕಾಯುವುದು ಸರಿಯೋ ಅಲ್ಲವೋ ಎನ್ನುವ ಲೆಕ್ಕವೇ ಬದಲಾಗುತ್ತದೆ.

ಸ್ಕ್ಯಾನ್_ರೂಮು:

ಪ್ರಶ್ನೆ ಕೇಳಿದವರಿಗಲ್ಲ, ಓದುವ ಬೇರೆಯವರಿಗೆ ಎರಡು ಸಾಲು. ಬಲಗಡೆ ಮಾತ್ರ ಬಂದರೆ, ಇದ್ದಕ್ಕಿದ್ದಂತೆ ಬಂದರೆ, ಅಥವಾ ಮಲಗಿದರೂ ಇಳಿಯದಿದ್ದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಮೂತ್ರಪಿಂಡದಲ್ಲೋ ಹೊಟ್ಟೆಯ ಹಿಂಭಾಗದಲ್ಲೋ ಗಡ್ಡೆ ಒತ್ತುತ್ತಿದ್ದರೂ ಹೀಗಾಗುತ್ತದೆ. ಇನ್ನು, ಕೈಗೆ ಸಿಗದೆ ಬರೀ ಸ್ಕ್ಯಾನ್‌ನಲ್ಲಿ ಕಂಡ ವೆರಿಕೋಸೀಲ್‌ಗೆ ಮಗುವಿಗಾಗಿ ಆಪರೇಷನ್ ಮಾಡಿಸಿದರೆ ಲಾಭವಿಲ್ಲ. ಸುಮಾರು 100 ಗಂಡಸರಲ್ಲಿ 15 ಜನಕ್ಕೆ ವೆರಿಕೋಸೀಲ್ ಇರುತ್ತದೆ, ಅವರಲ್ಲಿ ಬಹಳಷ್ಟು ಜನ ಏನೂ ಮಾಡಿಸದೆ ತಂದೆಯಾಗುತ್ತಾರೆ.

ಗೋದಾಮು_ಹುಡುಗ:

ಇವತ್ತು ಡಾಕ್ಟರ ಹತ್ತಿರ ಹೋಗಿದ್ದೆ, ಹೆಂಡತಿಯೂ ಬಂದಿದ್ದಳು. ಮೈಕ್ರೋಸ್ಕೋಪ್ ಇದೆಯಾ ಅಂತ ಕೇಳಿದೆ. ಇದೆ, ಅದಿಲ್ಲದೆ ಈ ಆಪರೇಷನ್ ನಾನು ಮಾಡಲ್ಲ ಅಂದರು, ಥಿಯೇಟರಿನ ಬಾಗಿಲಿಂದ ತೋರಿಸಿದರು ಕೂಡ. ಎಳೆದಾಗ ಹೊಟ್ಟೆ ಹಿಂಡುತ್ತಂತಲ್ಲ ಅಂದಾಗ ಹುರಿಗೂ ಮೊದಲೇ ಔಷಧಿ ಕೊಟ್ಟುಕೊಳ್ತೀನಿ, ಬೇಕಾದರೆ ಮಂಪರೂ ಕೊಡಿಸ್ತೀನಿ ಅಂದರು. ಇವಳ ಪರೀಕ್ಷೆಗಳು ಎಲ್ಲ ಸರಿಯಾಗಿವೆ. ದಿನ ಗೊತ್ತುಮಾಡಿಕೊಂಡು ಬಂದ್ವಿ. ಕಾದು ಕೂತವಳು ಅಕ್ಕ, ನಿಮ್ಮದನ್ನ ಇವಳು ಮತ್ತೆ ಮತ್ತೆ ಓದಿದಳು, ನಿಮಗೆ ಹೇಳು ಅಂದಳು.

ಒಂದೇ ಒಂದು ಉಳಿದಿದೆ. ಮನೆಗೆ ಬಂದ ಮೇಲೆ ಯಾವುದು ಸಹಜ, ಯಾವುದಕ್ಕೆ ಫೋನ್ ಮಾಡಬೇಕು?

ಓಟಿ_ಸಿಸ್ಟರ್:

ನೀಲಿ ಕಲೆ, ಗಾಯದ ಸುತ್ತ ಮರಗಟ್ಟಿದ ಹಾಗಿರುವುದು, ಡ್ರೆಸ್ಸಿಂಗ್ ಮೇಲೆ ಚೂರು ರಕ್ತ, ಇವು ಸಹಜ. ಚೀಲ ನೋಡನೋಡುತ್ತಿದ್ದಂತೆ ದಪ್ಪವಾಗಿ ಬಿಗಿದುಕೊಂಡರೆ, ಡ್ರೆಸ್ಸಿಂಗ್ ತೊಯ್ದುಹೋಗುವಷ್ಟು ರಕ್ತ ಬಂದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಾ ಹೋದರೆ, ಮೂತ್ರ ಕಟ್ಟಿದರೆ ಅದೇ ರಾತ್ರಿ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ಜ್ವರ, ಗಾಯ ಕೆಂಪಾಗಿ ಕೀವು ಬರುವುದು ಕೆಲವು ದಿನ ಬಿಟ್ಟು ಕಾಣಿಸಬಹುದು, ಆಗಲೂ ತೋರಿಸಿ. ರಾತ್ರಿ ಯಾರು ಫೋನ್ ಎತ್ತುತ್ತಾರೆ ಎಂದು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಂಡೇ ಹೊರಡಿ.